ವರ್ಗಾವಣೆಯಾಗಿ ಬರುವ ಕ್ವಾರ್ಟರ್‌ಬ್ಯಾಕ್‌ನನ್ನು ಪಂದ್ಯದ ಫಿಲ್ಮ್ ನೋಡಿ ಅಳೆಯುವುದು ಹೇಗೆ? ಬೋ ನಿಕ್ಸ್ ಪ್ರಕರಣವನ್ನಿಟ್ಟುಕೊಂಡು ಒಂದು ಚರ್ಚೆ

ಶನಿವಾರದ ಪ್ರೇಕ್ಷಕ:
ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ವರ್ಗಾವಣೆಯ ಪೋರ್ಟಲ್ (ತಂಡ ಬದಲಿಸಬಯಸುವ ಆಟಗಾರರ ಪಟ್ಟಿ) 2018ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. 2021ರಲ್ಲಿ ಒಂದು ಸಲ ತಂಡ ಬದಲಿಸಿದವರು ಒಂದು ವರ್ಷ ಕಾಯದೆ ಆಡಬಹುದೆಂದು ನಿಯಮ ಸಡಿಲವಾದ ಮೇಲೆ, ಪ್ರತಿ ಚಳಿಗಾಲದಲ್ಲಿಯೂ ನಮ್ಮ ವಾಟ್ಸಾಪ್ ಗುಂಪಿನ ಎಲ್ಲರೂ ಆಯ್ಕೆ ಸಮಿತಿಯ ಸದಸ್ಯರೇ ಆಗಿಬಿಟ್ಟಿದ್ದಾರೆ. ಯಾರೋ ಒಬ್ಬರು ಮೂರು ನಿಮಿಷದ ಹೈಲೈಟ್ ತುಣುಕು ಹಾಕುತ್ತಾರೆ, ಅದನ್ನು ನೋಡಿ ಮಿಕ್ಕವರು ತೀರ್ಪು ಕೊಟ್ಟೇಬಿಡುತ್ತಾರೆ.

ನನ್ನ ಪ್ರಶ್ನೆ ನೇರವಾದದ್ದು. ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುವ, ಪಾಸ್ ಎಸೆಯುವ ಆಟಗಾರ) ಬೋ ನಿಕ್ಸ್ ಆಬರ್ನ್ ತಂಡದಲ್ಲಿ ಮೂರು ವರ್ಷ ಆಡಿದಾಗ ಗುರಿ ಮುಟ್ಟಿದ ಪಾಸ್‌ಗಳ ಪ್ರಮಾಣ 2019ರಲ್ಲಿ ಶೇ. 57.6, 2020ರಲ್ಲಿ 59.9, 2021ರಲ್ಲಿ 61 ಇತ್ತು. ಆರೆಗಾನ್‌ಗೆ ಬಂದ ಮೊದಲ ವರ್ಷವೇ ಅದು 71.9ಕ್ಕೆ ಏರಿತು, 2023ರಲ್ಲಿ 77.4 ಆಗಿ ರಾಷ್ಟ್ರೀಯ ದಾಖಲೆಯಾಯಿತು. ಹಾಗಾದರೆ ಆಬರ್ನ್ ಕಾಲದ ಫಿಲ್ಮ್ ನೋಡಿದವರಿಗೆ ಆರೆಗಾನ್‌ನ ನಿಕ್ಸ್ ಕಾಣುತ್ತಿದ್ದನೇ? ಕಾಣುತ್ತಿದ್ದನೆಂದಾದರೆ ಎಲ್ಲಿ ಕಾಣುತ್ತಿದ್ದ? ಫಲಿತಾಂಶ ಗೊತ್ತಾದ ಮೇಲೆ ಹುಟ್ಟುವ ಜಾಣತನ ಬೇಡ, ದಯವಿಟ್ಟು.

ಅಲಬಾಮಾ ಕನ್ನಡಿಗ:
ನಾನು ಆ ಮೂರೂ ವರ್ಷ ಆಬರ್ನ್ ಪಂದ್ಯಗಳನ್ನು ತಪ್ಪದೆ ನೋಡಿದವನು. ಹಿನ್ನೆಲೆಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಬಿಟ್ಟು ಫಿಲ್ಮ್ ನೋಡಿದರೆ ಹುಡುಗನಿಗೆ ಅನ್ಯಾಯವಾಗುತ್ತದೆ. ಅವನ ತಂದೆ ಪ್ಯಾಟ್ರಿಕ್ ನಿಕ್ಸ್ ಅದೇ ಆಬರ್ನ್‌ನ ಕ್ವಾರ್ಟರ್‌ಬ್ಯಾಕ್ ಆಗಿದ್ದವರು, ಹಾಗಾಗಿ ಮೊದಲ ದಿನದಿಂದಲೇ ಊರಿನ ನಿರೀಕ್ಷೆ ಹೆಗಲೇರಿತ್ತು. ಮೂರು ವರ್ಷಗಳಲ್ಲಿ ದಾಳಿಯ ಸಂಯೋಜಕರು ಮೂವರು ಬದಲಾದರು: 2019ರಲ್ಲಿ ಕೆನ್ನಿ ಡಿಲಿಂಗ್‌ಹ್ಯಾಮ್, 2020ರಲ್ಲಿ ಚಾಡ್ ಮಾರಿಸ್, 2021ರಲ್ಲಿ ಮೈಕ್ ಬೋಬೊ. ಮುಖ್ಯ ಕೋಚ್ ಕೂಡ ಗಸ್ ಮಾಲ್ಜಾನ್ ಹೋಗಿ ಬ್ರಯನ್ ಹಾರ್ಸಿನ್ ಬಂದರು. ಪ್ರತಿ ವರ್ಷವೂ ಹೊಸ ಪರಿಭಾಷೆ, ಹೊಸ ಓದುವ ಕ್ರಮ.

ಈಗ ಎರಡು ವಾರಗಳ ಫಿಲ್ಮ್ ಅನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 2021ರ ಸೆಪ್ಟೆಂಬರ್ ಕೊನೆಯಲ್ಲಿ ಜಾರ್ಜಿಯಾ ಸ್ಟೇಟ್ ವಿರುದ್ಧ, ಗೆಲ್ಲಲೇಬೇಕಾದ ಪಂದ್ಯದಲ್ಲಿ, ಅವನನ್ನು ಹೊರಗೆ ಕೂರಿಸಿ ಟಿ.ಜೆ. ಫಿನ್ಲಿಯನ್ನು ಇಳಿಸಿದರು. ಕೊನೆಯ ನಿಮಿಷದಲ್ಲಿ ಆಬರ್ನ್ ಮುನ್ನಡೆ ಪಡೆದದ್ದು ಆ ಫಿನ್ಲಿಯ ಪಾಸ್‌ನಿಂದ. ಅದರ ಮರುವಾರವೇ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ವಿರುದ್ಧ 13-0 ಹಿನ್ನಡೆಯಲ್ಲಿದ್ದಾಗ, ನಾಲ್ಕನೇ ಡೌನ್‌ನಲ್ಲಿ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದರಲ್ಲಿ) ನಿಕ್ಸ್ ಹಿಂದಕ್ಕೆ ಓಡಿ, ಬೆನ್ನಟ್ಟಿದವರನ್ನು ಒಬ್ಬರ ನಂತರ ಒಬ್ಬರಂತೆ ತಪ್ಪಿಸಿ, ಪಾಸ್ ಹಿಡಿಯುವ ಟೈಟ್ ಎಂಡ್ ಆಟಗಾರ ಟೈಲರ್ ಫ್ರಾಮ್‌ಗೆ 24 ಗಜದ ಟಚ್‌ಡೌನ್ (ಎದುರಾಳಿಯ ಗಡಿಗೆರೆ ದಾಟಿಸಿ ಅಂಕ ತರುವ) ಪಾಸ್ ಎಸೆದ. ಆಬರ್ನ್ 24-19ರಿಂದ ಗೆದ್ದಿತು. ಬ್ಯಾಟನ್ ರೂಜ್‌ನಲ್ಲಿ 1999ರ ನಂತರ ಅದು ತಂಡದ ಮೊದಲ ಗೆಲುವು. ಆ ಆಟವನ್ನು ಎಲ್ಲರೂ ಹಂಚಿಕೊಂಡರು. ನನಗೆ ಮಾತ್ರ ಆಗಲೂ ಅನ್ನಿಸಿದ್ದು, ಅವನ ಒಳಿತೂ ಕೆಡುಕೂ ಆ ಒಂದೇ ಆಟದಲ್ಲಿ ಇವೆ ಎಂದು.

ಅಂಕಿಪುರುಷ:
ಆ ಆಟದಲ್ಲಿ ಕೆಡುಕೇನಿದೆ ಸ್ವಾಮಿ? ಟಚ್‌ಡೌನ್ ಬಂತು, ಪಂದ್ಯ ಗೆದ್ದರು. ಆಬರ್ನ್‌ನಲ್ಲಿ ಅವನದು ಒಟ್ಟು 39 ಟಚ್‌ಡೌನ್ ಪಾಸ್, 16 ಇಂಟರ್‌ಸೆಪ್ಷನ್ (ಎದುರಾಳಿ ಕಸಿದ ಪಾಸ್). ಕೊನೆಯ ವರ್ಷ ಇಂಟರ್‌ಸೆಪ್ಷನ್ ಕೇವಲ 3. ಸುಧಾರಣೆ ಅಂಕಿಗಳಲ್ಲಿಯೇ ಕಾಣುತ್ತಿತ್ತು, ಅದಕ್ಕಾಗಿ ಫಿಲ್ಮ್ ನೋಡುತ್ತಾ ರಾತ್ರಿ ನಿದ್ದೆಗೆಡುವ ಅಗತ್ಯವಿರಲಿಲ್ಲ.

ಮೂರನೇ ಡೌನ್:
ಕೆಡುಕು ಏನೆಂದು ಹೇಳುತ್ತೇನೆ. ಒತ್ತಡ ಬಂದಾಗ ಕ್ವಾರ್ಟರ್‌ಬ್ಯಾಕ್ ಪಾಕೆಟ್‌ನೊಳಗೆ (ತನ್ನ ಲೈನ್‌ಮನ್‌ಗಳು ಕಾಯುವ ಜಾಗದೊಳಗೆ) ಮುಂದಕ್ಕೆ ಒಂದು ಹೆಜ್ಜೆ ಇಟ್ಟರೆ, ಅಂಚಿನಿಂದ ಸುತ್ತಿ ಬರುವ ದಾಳಿಗಾರರು ಅವನ ಬೆನ್ನ ಹಿಂದೆ ಸರಿದು ಹೋಗುತ್ತಾರೆ. ಹಿಂದಕ್ಕೆ ಸರಿದರೆ ತನ್ನದೇ ಟ್ಯಾಕಲ್‌ಗಳು (ಅಂಚಿನ ಲೈನ್‌ಮನ್‌ಗಳು) ಕಟ್ಟಿಕೊಟ್ಟ ಕೋನವನ್ನು ತಾನೇ ಕೆಡಿಸುತ್ತಾನೆ. ಆಬರ್ನ್‌ನ ನಿಕ್ಸ್‌ಗೆ ಹಿಂದಕ್ಕೆ ಸರಿಯುವ ಚಾಳಿ ಇತ್ತು. ಎಲ್‌ಎಸ್‌ಯು ವಿರುದ್ಧ ಅದು ಫಲಿಸಿತು, ಬೇರೆ ಹತ್ತಾರು ಸಲ ಅದು ಹೊರಗೆ ಎಸೆದ ಚೆಂಡೋ ಸ್ಯಾಕೋ (ಎಸೆಯುವ ಮುನ್ನವೇ ಅವನನ್ನು ಕೆಡವುವುದು) ಆಯಿತು. ಹೈಲೈಟ್‌ನಲ್ಲಿ ಮೊದಲನೆಯದು ಮಾತ್ರ ಉಳಿಯುತ್ತದೆ.

ನಾನು ಫಿಲ್ಮ್ ನೋಡುವ ಕ್ರಮ ಹೀಗಿದೆ. ಮೊದಲ ಸುತ್ತಿನಲ್ಲಿ ಚೆಂಡನ್ನು ನೋಡುವುದೇ ಇಲ್ಲ. ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವ ಕ್ಷಣಕ್ಕೆ) ಅರ್ಧ ಸೆಕೆಂಡ್ ಮುಂಚೆ ಚಿತ್ರವನ್ನು ನಿಲ್ಲಿಸಿ, ಆಳದಲ್ಲಿ ಸೇಫ್ಟಿಗಳು (ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕರು) ಎಷ್ಟು ಮಂದಿ ಇದ್ದಾರೆ ಎಂದು ಎಣಿಸುತ್ತೇನೆ. ಸ್ನ್ಯಾಪ್ ಆದ ಮೇಲೆ ಆ ಸಂಖ್ಯೆ ಎರಡರಿಂದ ಒಂದಾಯಿತೇ, ಒಂದರಿಂದ ಎರಡಾಯಿತೇ ಎಂದು ಗಮನಿಸಿ, ಆ ಬದಲಾವಣೆಯನ್ನು ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಹಿಡಿಯಿತೇ ಎಂದು ನೋಡುತ್ತೇನೆ. ಎರಡನೇ ಸುತ್ತು ಪೂರ್ತಿ ಕಾಲುಗಳಿಗೆ ಮೀಸಲು: ಹಿಂದಿನ ಕಾಲು ನೆಲಕ್ಕೂರಿದ ಕ್ಷಣದಲ್ಲಿ ಚೆಂಡು ಹೊರಟಿತೇ, ಅಥವಾ ಅಲ್ಲಿಂದ ಒಂದು ಕುಪ್ಪಳಿಕೆ, ಎರಡು ಕುಪ್ಪಳಿಕೆ, ಆಮೇಲೆ ಗಾಬರಿಯೇ? ಮೊದಲ ರಿಸೀವರ್ (ಪಾಸ್ ಹಿಡಿಯುವವನು) ರಕ್ಷಕರಿಂದ ಮುಚ್ಚಿಹೋದಾಗ ಸೊಂಟ ಮತ್ತು ಪಾದ ಎರಡನೆಯವನತ್ತ ತಿರುಗಿದರೆ ಅವನು ಓದುತ್ತಿದ್ದಾನೆಂದು ಅರ್ಥ. ತಲೆ ಮಾತ್ರ ತಿರುಗಿ ಪಾದ ಅಲ್ಲೇ ಉಳಿದರೆ ಅವನು ಓದುವ ನಟನೆ ಮಾಡುತ್ತಿದ್ದಾನೆ. ಮೂರನೇ ಸುತ್ತಿನಲ್ಲಿ ಮಾತ್ರ ಎಸೆತವನ್ನು ನೋಡುತ್ತೇನೆ, ಅದೂ ಕ್ಯಾಚ್ ಆಯಿತೇ ಇಲ್ಲವೇ ಎಂದಲ್ಲ, ರಿಸೀವರ್ ತನ್ನ ಓಟವನ್ನು ಮುರಿಯದೆ ಹಿಡಿಯುವಂತಿತ್ತೇ ಎಂದು.

ಇಷ್ಟೆಲ್ಲ ನೋಡಿಯೂ ಒಂದು ಕಂದಕ ಉಳಿಯುತ್ತದೆ. ಸ್ಕ್ರೀನ್ ಪಾಸ್ (ತೀರಾ ಹತ್ತಿರದವನಿಗೆ ಕೊಡುವ ಚಿಕ್ಕ ಪಾಸ್) ಮತ್ತು ಒಂದೇ ರಕ್ಷಕನನ್ನು ಓದಿ ಎಸೆಯುವ ಆರ್‌ಪಿಒ (ಓಟವೋ ಪಾಸೋ ಎಂದು ಆಗಲೇ ಆರಿಸುವ) ಆಟಗಳನ್ನು ಬದಿಗಿಟ್ಟರೆ ಕೆಲವು ಪಂದ್ಯಗಳಲ್ಲಿ ಕ್ವಾರ್ಟರ್‌ಬ್ಯಾಕ್ ತಾನೇ ನಿರ್ಧರಿಸಿದ ಎಸೆತಗಳು ಹತ್ತೋ ಹನ್ನೆರಡೋ ಸಿಗುತ್ತವೆ. ಮೂರು ಪಂದ್ಯ ನೋಡಿ ತೀರ್ಪು ಕೊಡುವವರು ವಾಸ್ತವದಲ್ಲಿ ಮೂವತ್ತು ಎಸೆತ ನೋಡಿ ಕೊಡುತ್ತಿರುತ್ತಾರೆ.

ಹೊಸ ಓದುಗ:
ಟಿವಿಯಲ್ಲಿ ಸೇಫ್ಟಿಗಳು ಕಾಣುವುದೇ ಇಲ್ಲವಲ್ಲ, ಎಣಿಸುವುದು ಹೇಗೆ?

ಮೂರನೇ ಡೌನ್:
ಸರಿಯಾದ ಪ್ರಶ್ನೆ. ಕೋಚ್‌ಗಳು ನೋಡುವುದು 22 ಆಟಗಾರರೂ ಚೌಕಟ್ಟಿನೊಳಗೆ ಇರುವ, ಎತ್ತರದಿಂದ ತೆಗೆದ ಆಲ್-22 ಚಿತ್ರವನ್ನು. ಜೊತೆಗೆ ಮೈದಾನದ ತುದಿಯ ಎಂಡ್ ಝೋನ್ ಹಿಂದಿನ ಕ್ಯಾಮೆರಾ ಇರುತ್ತದೆ. ಪಕ್ಕದ ಕೋನದಲ್ಲಿ ರಕ್ಷಣೆಯ ವಿನ್ಯಾಸ ಕಾಣುತ್ತದೆ, ಹಿಂದಿನ ಕೋನದಲ್ಲಿ ಕಣ್ಣು, ಪಾದ ಮತ್ತು ಲೈನ್‌ಮನ್‌ಗಳ ನಡುವಿನ ಸಂದು ಕಾಣುತ್ತವೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಇದನ್ನು ಚಂದಾದಾರರಿಗೆ ಕೊಡುತ್ತದೆ, ಕಾಲೇಜಿನದು ಸಾಮಾನ್ಯ ಅಭಿಮಾನಿಗೆ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ನಾವು ಮರುಪ್ರಸಾರದ ಕೋನಗಳನ್ನು ಕಾದು ಹಿಡಿಯಬೇಕು. ಮೂರನೇ ಡೌನ್‌ನ ವಿಫಲ ಆಟಗಳಿಗೆ ಮರುಪ್ರಸಾರ ಬರುವುದೇ ಕಡಿಮೆ, ನಮಗೆ ಬೇಕಾದದ್ದು ಮಾತ್ರ ಅದೇ.

ಯೂಜೀನ್ ವಾಸಿ:
ಫಲಿತಾಂಶ ಗೊತ್ತಾದ ಮೇಲಿನ ಜಾಣತನ ಬೇಡ ಎಂದಿರಲ್ಲ, ಹಾಗಾದರೆ 2022ರ ಸೆಪ್ಟೆಂಬರ್ 3ಕ್ಕೆ ಹೋಗೋಣ. ಆರೆಗಾನ್ ಪರ ನಿಕ್ಸ್‌ನ ಮೊದಲ ಪಂದ್ಯ, ಅಟ್ಲಾಂಟಾದಲ್ಲಿ ಜಾರ್ಜಿಯಾ ಎದುರು. ಫಲಿತಾಂಶ 49-3. ನಿಕ್ಸ್ 37ರಲ್ಲಿ 21 ಪಾಸ್, 173 ಗಜ, ಟಚ್‌ಡೌನ್ ಇಲ್ಲ, ಎರಡು ಇಂಟರ್‌ಸೆಪ್ಷನ್. ಅದರಲ್ಲೊಂದು ಉದ್ದನೆಯ ಎಸೆತ. ಮೊದಲ ಕಾಲೇಜು ಪಂದ್ಯವಾಡುತ್ತಿದ್ದ ಸೇಫ್ಟಿ ಮಲಕೈ ಸ್ಟಾರ್ಕ್ಸ್ ಬೆನ್ನಟ್ಟಿ ಹೋಗಿ ಜಿಗಿದು ಹಿಡಿದ. ಆ ಸಂಜೆ ಇಲ್ಲಿನ ನಮ್ಮ ಕನ್ನಡ ಗೆಳೆಯರ ಮನೆಯಲ್ಲಿ, ಚಿತ್ರಾನ್ನದ ಪಾತ್ರೆ ಖಾಲಿಯಾಗುವ ಮುಂಚೆಯೇ, ‘ಅದೇ ಹಳೆಯ ನಿಕ್ಸ್’ ಎಂಬ ತೀರ್ಪು ಹೊರಬಿದ್ದಿತ್ತು.

ಮುಖ್ಯ ಕೋಚ್ ಡ್ಯಾನ್ ಲ್ಯಾನಿಂಗ್ ಮಾತ್ರ ಹುಡುಗನನ್ನು ಬದಲಿಸಲಿಲ್ಲ. ಇದನ್ನು ಬರೀ ಹಟವೆಂದು ತಿಳಿಯಬೇಡಿ. ಲ್ಯಾನಿಂಗ್ 2019ರಿಂದ 2021ರವರೆಗೆ ಜಾರ್ಜಿಯಾದ ರಕ್ಷಣಾ ಸಂಯೋಜಕರಾಗಿದ್ದು, ಮೂರೂ ವರ್ಷ ಇದೇ ನಿಕ್ಸ್‌ನನ್ನು ತಡೆಯುವುದಕ್ಕಾಗಿ ಅವನ ಆಟವನ್ನು ಬಿಡಿಸಿ ನೋಡಿದವರು. 21-14, 27-6, 34-10, ಮೂರನ್ನೂ ಗೆದ್ದವರು. ಸಂಯೋಜಕನಾಗಿ ಕರೆತಂದದ್ದು ಡಿಲಿಂಗ್‌ಹ್ಯಾಮ್ ಅವರನ್ನು, ಅಂದರೆ ಮೊದಲ ವರ್ಷದ ನಿಕ್ಸ್‌ನ ಜೊತೆ ಕೆಲಸ ಮಾಡಿದ್ದವರನ್ನು. ಒಬ್ಬರಿಗೆ ಅವನ ದೌರ್ಬಲ್ಯ ಎದುರಾಳಿಯಾಗಿ ಗೊತ್ತು, ಇನ್ನೊಬ್ಬರಿಗೆ ಅವನ ಕಲಿಕೆಯ ಬಗೆ ಗುರುವಾಗಿ ಗೊತ್ತು. ಫಿಲ್ಮ್ ಇಬ್ಬರ ಮುಂದೆಯೂ ಇತ್ತು, ನಮ್ಮ ಮುಂದೆಯೂ ಇತ್ತು. ಅವರ ಬಳಿ ಇದ್ದದ್ದು ಅದನ್ನು ಯಾವ ಪ್ರಶ್ನೆಯಿಟ್ಟು ನೋಡಬೇಕೆಂಬ ತಿಳಿವಳಿಕೆ.

ಅಂಕಿಪುರುಷ:
ಭಾವುಕತೆ ಚೆನ್ನಾಗಿದೆ. ಆದರೆ ಆರೆಗಾನ್‌ನ 77.4ರಲ್ಲಿ ಸ್ಕ್ರಿಮೇಜ್ ರೇಖೆಯ (ಆಟ ಶುರುವಾಗುವ ಗೆರೆಯ) ಆಸುಪಾಸಿನಲ್ಲೇ ಕೊಟ್ಟ ಚಿಕ್ಕ ಪಾಸ್‌ಗಳು ಎಷ್ಟಿದ್ದವು ಎಂಬುದನ್ನು ಯಾರೂ ಹೇಳುತ್ತಿಲ್ಲ. 2024ರ ಡ್ರಾಫ್ಟ್ (ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಮುಂಚೆ ಅವನ ಮೇಲಿದ್ದ ಮುಖ್ಯ ಆಕ್ಷೇಪವೇ ಅದು. ವ್ಯವಸ್ಥೆ ಬದಲಾಯಿತು, ಆಟಗಾರ ಬದಲಾಗಲಿಲ್ಲ ಎಂಬ ವಾದಕ್ಕೆ ನಿಮ್ಮ ಉತ್ತರವೇನು?

ಬಸವನಗುಡಿ ಬೌಲರ್:
ಚಿನ್ನಸ್ವಾಮಿಯಲ್ಲಿ ಹೊಡೆದ ಸಿಕ್ಸರ್‌ಗಳನ್ನು ಎಣಿಸಿ ಬ್ಯಾಟುಗಾರನನ್ನು ಆರಿಸಿದಂತೆ, ಅಷ್ಟೇ. ಬೌಂಡರಿ ಚಿಕ್ಕದಿದ್ದಾಗ ಯಾರೂ ಹೊಡೆಯುತ್ತಾರೆ.

ಯೂಜೀನ್ ವಾಸಿ:
ಯಾರೂ ಹೊಡೆಯುವಂತಿದ್ದರೆ ದೇಶದ ಪ್ರತಿ ಸ್ಪ್ರೆಡ್ (ಆಟಗಾರರನ್ನು ಅಗಲಕ್ಕೆ ಹರಡಿ ಆಡುವ) ತಂಡದ ಕ್ವಾರ್ಟರ್‌ಬ್ಯಾಕ್‌ನೂ 45 ಟಚ್‌ಡೌನ್‌ಗೆ 3 ಇಂಟರ್‌ಸೆಪ್ಷನ್ ಮಾತ್ರ ಕೊಡಬೇಕಿತ್ತು. ನಿಕ್ಸ್ 2023ರಲ್ಲಿ ಕೊಟ್ಟದ್ದು ಅಷ್ಟು. ಆಮೇಲೆ ಡೆನ್ವರ್ ಅವನನ್ನು 12ನೆಯವನಾಗಿ ಆರಿಸಿತು, ಮೊದಲ ವರ್ಷವೇ 29 ಟಚ್‌ಡೌನ್ ಪಾಸ್ ಕೊಟ್ಟು ತಂಡವನ್ನು ಪ್ಲೇಆಫ್‌ಗೆ ಒಯ್ದ. ಎನ್‌ಎಫ್‌ಎಲ್‌ನಲ್ಲಿ ಬೌಂಡರಿ ಚಿಕ್ಕದಿಲ್ಲ ಸರ್.

ಲೈನ್‌ಮನ್ ಪಕ್ಷಪಾತಿ:
ಎಲ್ಲರೂ ಕ್ವಾರ್ಟರ್‌ಬ್ಯಾಕ್ ಬಗ್ಗೆಯೇ ಮಾತನಾಡುತ್ತಿದ್ದೀರಿ, ಅವನ ಮುಂದೆ ನಿಂತ ಐವರನ್ನು ಮರೆತಿದ್ದೀರಿ. 2022ರಲ್ಲಿ ಆರೆಗಾನ್ ತಂಡ ಇಡೀ ಋತುವಿನಲ್ಲಿ ಬಿಟ್ಟುಕೊಟ್ಟ ಸ್ಯಾಕ್ ಕೇವಲ 5. ಪಾಕೆಟ್ ಗಟ್ಟಿಯಾಗಿದ್ದರೆ ಹಿಂದಕ್ಕೆ ಓಡುವ ಚಾಳಿಯೂ ಹಸಿವಿಲ್ಲದೆ ಸೊರಗುತ್ತದೆ. ಆದರೆ ಇದರ ತಿರುವುಮುರುವೂ ನಿಜ: ಸ್ಯಾಕ್‌ಗಳಲ್ಲಿ ಒಂದು ಪಾಲು ಕ್ವಾರ್ಟರ್‌ಬ್ಯಾಕ್‌ನ ಸ್ವಂತ ಸಂಪಾದನೆ. ಚೆಂಡು ಬೇಗ ಕೈಬಿಟ್ಟವನು ಲೈನ್‌ಮನ್‌ಗಳಿಗೆ ಒಳ್ಳೆಯ ಹೆಸರು ತರುತ್ತಾನೆ, ಇಟ್ಟುಕೊಂಡವನು ಕೆಟ್ಟ ಹೆಸರು ತರುತ್ತಾನೆ. ಒಂದು ಸ್ಯಾಕ್ ಯಾರ ತಪ್ಪು ಎಂದು ತೀರ್ಮಾನಿಸಲು ನಾನು ಗಡಿಯಾರ ಹಿಡಿಯುತ್ತೇನೆ. ಎರಡೂವರೆ ಸೆಕೆಂಡಿನೊಳಗೆ ಬಿದ್ದರೆ ಬಹುಮಟ್ಟಿಗೆ ಲೈನ್‌ನದು, ಮೂರೂವರೆ ದಾಟಿದರೆ ಬಹುಮಟ್ಟಿಗೆ ಅವನದು. ನಡುವಿನದಕ್ಕೆ ಜಗಳ.

ಇನ್ನೊಂದು ಮಾತು. ಕಾಲೇಜಿನ ಅಂಕಿಅಂಶದಲ್ಲಿ ಸ್ಯಾಕ್‌ನಲ್ಲಿ ಕಳೆದ ಗಜಗಳನ್ನು ಓಟದ ಲೆಕ್ಕದಿಂದ ಕಳೆಯುತ್ತಾರೆ. ಹಾಗಾಗಿ ಅಂಕಿಪುರುಷರು ಓಟದ ಗಜ ನೋಡಿ ‘ಇವನ ಕಾಲು ನಿಧಾನ’ ಎಂದರೆ ನಂಬಬೇಡಿ.

ಮೂರನೇ ಡೌನ್:
ಅಂಕಿಪುರುಷರ ಪ್ರಶ್ನೆಗೆ ಉತ್ತರ ಕೊಡಬೇಕಿದೆ. ಚಿಕ್ಕ ಪಾಸ್‌ಗಳಿಂದ ಪ್ರಮಾಣ ಉಬ್ಬುತ್ತದೆ ಎಂಬುದನ್ನು ಒಪ್ಪುತ್ತೇನೆ, ಅದಕ್ಕಾಗಿಯೇ ಅವುಗಳನ್ನು ಬದಿಗಿಡಿ ಎಂದದ್ದು. ವ್ಯವಸ್ಥೆಯಿಂದ ಕಳಚಿಟ್ಟು ನೋಡಬಹುದಾದ ಎಸೆತವೊಂದಿದೆ. ಕಾಲೇಜು ಮೈದಾನದಲ್ಲಿ ಎರಡು ಹ್ಯಾಶ್ ಗೆರೆಗಳ (ಆಟ ಶುರುಮಾಡಲು ಚೆಂಡಿಡುವ ಜಾಗದ ಎರಡು ಬದಿಯ ಗುರುತುಗಳ) ನಡುವಿನ ಅಂತರ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಮೈದಾನದ ಅಗಲ 160 ಅಡಿ. ಅಂದರೆ ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಹತ್ತಿರದ ಗಡಿಗೆ 60 ಅಡಿ, ದೂರದ ಗಡಿಗೆ 100 ಅಡಿ. ಆ ದೂರದ ಗಡಿಯ ಬಳಿ ಹದಿನೈದು ಗಜ ಓಡಿ ಹೊರಕ್ಕೆ ತಿರುಗುವ ರಿಸೀವರ್‌ಗೆ, ಅವನು ತಿರುಗುವ ಮುಂಚೆಯೇ ಚೆಂಡು ಹೊರಟಿರಬೇಕು. ಅಲ್ಲಿ ತೋಳು, ಸಮಯಪ್ರಜ್ಞೆ, ಧೈರ್ಯ ಮೂರೂ ಒಟ್ಟಿಗೆ ಬಯಲಾಗುತ್ತವೆ. ಯಾವ ಸಂಯೋಜಕರೂ ಅದನ್ನು ಸುಲಭ ಮಾಡಿಕೊಡಲಾರರು. ಆಬರ್ನ್ ಫಿಲ್ಮ್‌ನಲ್ಲಿ ನಿಕ್ಸ್ ಈ ಎಸೆತವನ್ನು, ಪಾದ ನೆಟ್ಟಗಿದ್ದಾಗ, ಎಸೆಯಬಲ್ಲವನೇ ಆಗಿದ್ದ. ಪಾದ ನೆಟ್ಟಗಿರುತ್ತಿದ್ದದ್ದೇ ಅಪರೂಪ, ಅಷ್ಟೇ. ಇಲ್ಲದ ತೋಳನ್ನು ಯಾವ ಕೋಚ್‌ನೂ ಅಂಟಿಸಲಾರ. ಚೆದುರಿದ ಪಾದವನ್ನು ಕೂಡಿಸಬಲ್ಲ.

ಬ್ಯಾಟನ್ ರೂಜ್ ಮಾಮ:
ನಮ್ಮೂರಿನ ಇಬ್ಬರನ್ನು ಮರೆತರೆ ಈ ಚರ್ಚೆ ಅಪೂರ್ಣ. ಜೋ ಬರೋ ಒಹಾಯೊ ಸ್ಟೇಟ್‌ನಿಂದ 2018ರಲ್ಲಿ ಎಲ್‌ಎಸ್‌ಯುಗೆ ಬಂದಾಗ, ಹಳೆಯ ತಂಡದಲ್ಲಿ ಅವನು ಮೈದಾನಕ್ಕಿಳಿದದ್ದೇ ಕಡಿಮೆ, ಹಾಗಾಗಿ ಫಿಲ್ಮ್ ಎಂಬುದೇ ಹೆಚ್ಚು ಇರಲಿಲ್ಲ. ಮೊದಲ ವರ್ಷ ಇಲ್ಲಿ ಶೇ. 57.8, 16 ಟಚ್‌ಡೌನ್. ಮರುವರ್ಷ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಿಂದ ಜೋ ಬ್ರೇಡಿ ಪಾಸಿಂಗ್ ಸಂಯೋಜಕರಾಗಿ ಬಂದರು. ಶೇ. 76.3, 60 ಟಚ್‌ಡೌನ್, 6 ಇಂಟರ್‌ಸೆಪ್ಷನ್, 15-0, ಹೈಸ್‌ಮನ್ (ವರ್ಷದ ಶ್ರೇಷ್ಠ ಕಾಲೇಜು ಆಟಗಾರನ ಪ್ರಶಸ್ತಿ), ಕ್ಲೆಮ್ಸನ್ ಮೇಲೆ 42-25ರ ಗೆಲುವಿನೊಂದಿಗೆ ರಾಷ್ಟ್ರೀಯ ಪ್ರಶಸ್ತಿ.

ಮುನ್ಸೂಚನೆ ಇತ್ತೇ ಎಂದರೆ, ಇತ್ತು. 2019ರ ಜನವರಿ 1ರ ಫಿಯೆಸ್ಟಾ ಬೌಲ್ ಪಂದ್ಯವನ್ನು ತೆಗೆದು ನೋಡಿ. ಯುಸಿಎಫ್ (ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ) ವಿರುದ್ಧ ಅವನ ಪಾಸ್ ಒಂದನ್ನು ಕಸಿದು ಟಚ್‌ಡೌನ್ ಹೊಡೆದರು, ಅದೇ ಆಟದಲ್ಲಿ ಬೆನ್ನಟ್ಟಿ ಹೋಗುತ್ತಿದ್ದ ಬರೋಗೆ ಭಾರಿ ಹೊಡೆತ ಬಿತ್ತು. ಎದ್ದು ಬಂದವನು ಆ ಪಂದ್ಯದಲ್ಲಿ 394 ಗಜ, ನಾಲ್ಕು ಟಚ್‌ಡೌನ್ ಎಸೆದು 40-32ರಿಂದ ಗೆಲ್ಲಿಸಿದ. ನಾನು ಫಿಲ್ಮ್‌ನಲ್ಲಿ ಹುಡುಕುವುದು ಇದನ್ನೇ: ಪೆಟ್ಟು ತಿಂದ ಮೇಲಿನ ಮೊದಲ ಮೂರು ಎಸೆತಗಳಲ್ಲಿ ಕಣ್ಣು ಎಲ್ಲಿರುತ್ತದೆ? ಆಳಕ್ಕೋ, ತನ್ನ ಮೇಲೆ ಬೀಳುವವರ ಮೇಲೋ?

ಇನ್ನೊಬ್ಬ ಜೇಡನ್ ಡೇನಿಯಲ್ಸ್. ಅರಿಝೋನಾ ಸ್ಟೇಟ್‌ನ ಕೊನೆಯ ವರ್ಷ 10 ಟಚ್‌ಡೌನ್, 10 ಇಂಟರ್‌ಸೆಪ್ಷನ್. ಇಲ್ಲಿಗೆ ಬಂದ 2022ರಲ್ಲಿ 17ಕ್ಕೆ 3. ಆಗಲೂ ಮೊದಲ ರಿಸೀವರ್ ಸಿಗದಿದ್ದರೆ ಚೆಂಡು ಹಿಡಿದು ಓಡುತ್ತಾನೆ, ಆಳಕ್ಕೆ ಎಸೆಯುವುದಿಲ್ಲ ಎಂದು ನಾವೇ ಗೊಣಗುತ್ತಿದ್ದೆವು. 2023ರಲ್ಲಿ 40ಕ್ಕೆ 4, ಜೊತೆಗೆ ಓಟದಲ್ಲಿ 1,134 ಗಜ, ಹೈಸ್‌ಮನ್. ಅವನ ಪಾಸ್ ಹಿಡಿಯಲು ಮಲಿಕ್ ನೇಬರ್ಸ್, ಬ್ರಯನ್ ಥಾಮಸ್ ಎಂಬ ಇಬ್ಬರು ಡ್ರಾಫ್ಟ್‌ನ ಮೊದಲ ಸುತ್ತಿನ ರಿಸೀವರ್‌ಗಳಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಂಕಿಪುರುಷರು ಹೇಳುತ್ತಾರೆ.

ಅಂಕಿಪುರುಷ:
ಹೇಳುವವನಿದ್ದೆ. ನೀವೆಲ್ಲರೂ ಗೆದ್ದವರ ಪಟ್ಟಿಯನ್ನೇ ಓದುತ್ತಿದ್ದೀರಿ. ಡಿ.ಜೆ. ಉಯಿಯಾಂಗಲೇಲೆಯನ್ನು ತೆಗೆದುಕೊಳ್ಳಿ. ತೋಳಿನ ಬಲದಲ್ಲಿ ಮೇಲಿನ ಯಾರಿಗೂ ಕಡಿಮೆಯಿರಲಿಲ್ಲ. ಕ್ಲೆಮ್ಸನ್‌ನಲ್ಲಿ 2021ರಲ್ಲಿ 9 ಟಚ್‌ಡೌನ್, 10 ಇಂಟರ್‌ಸೆಪ್ಷನ್. 2023ರಲ್ಲಿ ಆರೆಗಾನ್ ಸ್ಟೇಟ್‌ಗೆ ಹೋಗಿ 21 ಟಚ್‌ಡೌನ್, ಆದರೆ ಗುರಿ ಮುಟ್ಟಿದ ಪ್ರಮಾಣ ಶೇ. 57ರ ಆಸುಪಾಸು. ಅದನ್ನು ನೋಡಿ ಫ್ಲಾರಿಡಾ ಸ್ಟೇಟ್ ಕರೆತಂದಿತು. ಹಿಂದಿನ ವರ್ಷ 13-1 ಆಗಿದ್ದ ತಂಡ 2024ರಲ್ಲಿ 2-10 ಆಯಿತು, ಅವನು ನಡುವಿನಲ್ಲಿ ಕೈಗೆ ಗಾಯ ಮಾಡಿಕೊಂಡು ಹೊರಬಿದ್ದ. ಫಿಲ್ಮ್‌ನಲ್ಲಿ ಪಾದ ಕೂಡಿಸಬಹುದೆಂದು ಅಲ್ಲಿಯೂ ಯಾರೋ ಹೇಳಿಯೇ ಇರಬೇಕು.

ಲೈನ್‌ಮನ್ ಪಕ್ಷಪಾತಿ:
2-10 ಒಬ್ಬ ಕ್ವಾರ್ಟರ್‌ಬ್ಯಾಕ್‌ನಿಂದ ಆಗುವ ಕೆಲಸವಲ್ಲ. ಆ ವರ್ಷದ ಅವರ ಲೈನ್ ನೋಡಿ ನಾನು ಟಿವಿ ಆರಿಸಿದವನು.

ಮೂರನೇ ಡೌನ್:
ಉಯಿಯಾಂಗಲೇಲೆಯ ಉದಾಹರಣೆ ನನ್ನ ವಾದಕ್ಕೆ ವಿರುದ್ಧವಲ್ಲ, ಪೂರಕ. ಅವನ ಸಮಸ್ಯೆ ಒತ್ತಡದಲ್ಲಿ ಮಾತ್ರ ಕಾಣುತ್ತಿದ್ದದ್ದಲ್ಲ. ಪಾಕೆಟ್ ಸ್ವಚ್ಛವಾಗಿದ್ದಾಗಲೂ, ಪಾದ ನೆಟ್ಟಗಿದ್ದಾಗಲೂ, ನಡುವಿನ ಅಂತರದ ಚೆಂಡು ರಿಸೀವರ್‌ನ ಹಿಂದಕ್ಕೋ ಮೇಲಕ್ಕೋ ಹೋಗುತ್ತಿತ್ತು. ಎರಡು ಬೇರೆ ತಂಡ, ಎರಡು ಬೇರೆ ವ್ಯವಸ್ಥೆಗಳಲ್ಲಿ ಒಂದೇ ತಪ್ಪು ಮರುಕಳಿಸಿದರೆ ಅದು ಆಟಗಾರನದು. ನಿಕ್ಸ್‌ನ ಆಬರ್ನ್ ಫಿಲ್ಮ್‌ನಲ್ಲಿ ಸ್ವಚ್ಛ ಪಾಕೆಟ್‌ನ ಎಸೆತ ಮತ್ತು ಕಲಕಿದ ಪಾಕೆಟ್‌ನ ಎಸೆತ ಇಬ್ಬರು ಬೇರೆ ಬೇರೆ ಆಟಗಾರರದ್ದೆಂಬಂತೆ ಕಾಣುತ್ತಿದ್ದವು. ಆ ಅಂತರ ದೊಡ್ಡದಿದ್ದಷ್ಟೂ ಹೊಸ ತಂಡ ಅವನಿಗೆ ನೆರವಾಗುವ ಸಾಧ್ಯತೆ ಹೆಚ್ಚು.

ಅಂಕಿಪುರುಷ:
ಸಾಧ್ಯತೆ ಎಂದಿರಿ. ಅಷ್ಟಕ್ಕೆ ನಾನು ಒಪ್ಪುತ್ತೇನೆ, ಖಚಿತ ಎಂದರೆ ಒಪ್ಪುವುದಿಲ್ಲ.

ಶನಿವಾರದ ಪ್ರೇಕ್ಷಕ:
ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಒಂದು ವ್ಯಾವಹಾರಿಕ ಪ್ರಶ್ನೆ. ಉದ್ಯೋಗ, ಮಕ್ಕಳ ಈಜು ತರಗತಿ ಎಲ್ಲ ಮುಗಿದ ಮೇಲೆ ನನಗೆ ಒಂದೇ ಪಂದ್ಯ ನೋಡಲು ಸಮಯವಿದೆ ಎಂದಿಟ್ಟುಕೊಳ್ಳಿ. ಆಬರ್ನ್‌ನ ನಿಕ್ಸ್‌ನನ್ನು ತಿಳಿಯಲು ಯಾವ ಪಂದ್ಯ ನೋಡಬೇಕು?

ಬ್ಯಾಟನ್ ರೂಜ್ ಮಾಮ:
ನಮ್ಮನ್ನು ನಮ್ಮೂರಲ್ಲೇ ಸೋಲಿಸಿದ 2021ರ ಪಂದ್ಯ. ನೋವಾದರೂ ಹೇಳಲೇಬೇಕು.

ಅಲಬಾಮಾ ಕನ್ನಡಿಗ:
2019ರ ಆರಂಭದ ಪಂದ್ಯವನ್ನು ನೋಡಿ. ಮೊದಲ ಕಾಲೇಜು ಪಂದ್ಯ, ಒಂಬತ್ತು ಸೆಕೆಂಡ್ ಬಾಕಿ ಇರುವಾಗ ಸೆತ್ ವಿಲಿಯಮ್ಸ್‌ಗೆ 26 ಗಜದ ಟಚ್‌ಡೌನ್, 27-21. ಎದುರಾಳಿ ಯಾರು ಗೊತ್ತೇ? ಆರೆಗಾನ್.

ಮೂರನೇ ಡೌನ್:
ಎರಡೂ ಬೇಡ. ಜಾರ್ಜಿಯಾ ಸ್ಟೇಟ್ ಪಂದ್ಯವನ್ನು, ಅವನನ್ನು ಹೊರಗೆ ಕೂರಿಸುವವರೆಗೆ ಮಾತ್ರ ನೋಡಿ. ದುರ್ಬಲ ಎದುರಾಳಿಯ ಮುಂದೆ, ಬೆನ್ನಟ್ಟುವವರು ಹೆಚ್ಚಿಲ್ಲದಾಗ ಅವನ ಪಾದ ಏನು ಮಾಡುತ್ತಿತ್ತು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ 2022ರ ಯಾವುದಾದರೂ ಆರೆಗಾನ್ ಪಂದ್ಯದ ಮೊದಲ ಕಾಲು ಭಾಗ.

ಅಂಕಿಪುರುಷ:
ಅದು ಒಂದೂಕಾಲು ಪಂದ್ಯವಾಯಿತು. ಅವರು ಕೇಳಿದ್ದು ಒಂದು.